ರಟ್ಟಣ್ಣನ ಎರಡು ಮಾತ್ರೆ

ಹಿಂದಿನ ದಿನ ಮರೆತ ಬಿ.ಪಿ. ಮಾತ್ರೆಯನ್ನು ಇವತ್ತಿನದರ ಜೊತೆಗೇ ನುಂಗಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ರಟ್ಟಣ್ಣನಿಗೆ ಆ ಬೆಳಿಗ್ಗೆ ಯಾಕೆ ಅನ್ನಿಸಿತೋ, ದೇವರೇ ಬಲ್ಲ. ಹೆಂಡತಿ "ಡಾಕ್ಟರನ್ನು ಕೇಳಿ" ಅಂದದ್ದಕ್ಕೆ, "ನಂಗಷ್ಟೂ ಗೊತ್ತಾಗಲ್ವೇನೆ?" ಎಂದು ಗದರಿ, ಎರಡನ್ನೂ ನುಂಗಿ, ಉಪ್ಪು ಕಮ್ಮಿಯ ಬುತ್ತಿ ಹಿಡಿದು ಹೊರಟ.

ಪ್ರೆಸ್ಸಿನ ಬೈಂಡಿಂಗ್ ವಿಭಾಗದಲ್ಲಿ ಪುಸ್ತಕಗಳಿಗೆ ರಟ್ಟು ಕತ್ತರಿಸುವುದು ಅವನ ಕೆಲಸ. ಆ ಹೆಸರು ಬಂದದ್ದೂ ಅದರಿಂದಲೇ. ಹೊಸ ಸೂಪರ್‌ವೈಸರ್ ಯಾರೆಂದು ಮ್ಯಾನೇಜರು ಇವತ್ತು ಹೇಳುವವರಿದ್ದರು. ಹನ್ನೆರಡು ವರ್ಷದಿಂದ ರಟ್ಟಣ್ಣ ಆ ಕುರ್ಚಿಯ ಮೇಲೆ ಕಣ್ಣಿಟ್ಟಿದ್ದ. ಹಿಂದಿನ ಸೂಪರ್‌ವೈಸರು ಬಿ.ಪಿ. ಎಂದು ರಜೆ ಮೇಲೆ ರಜೆ ಹಾಕಿ ಬಿಟ್ಟುಹೋಗಿದ್ದರಿಂದ, "ಈ ಸಲ ಗಟ್ಟಿಮುಟ್ಟಾದ ಆಳೇ ಬೇಕು" ಎಂದು ಮ್ಯಾನೇಜರು ಸಾರಿದ್ದರು. ಹಾಗಾಗಿ ಮಾತ್ರೆಯ ಸುದ್ದಿ ಮನೆಯ ಹೊಸಿಲು ದಾಟಿರಲಿಲ್ಲ.

ಅದೋ, ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ. ಹತ್ತೂವರೆಯೊಳಗೆ ನಾಲ್ಕು ಸಲ ಎದ್ದ. ಶೌಚಾಲಯಕ್ಕೆ ಮ್ಯಾನೇಜರ ಕೋಣೆ ದಾಟಿಯೇ ಹೋಗಬೇಕು.

"ನೋಡಿದ್ಯಾ ಅಕ್ಕ? ಮತ್ತೆ ಹೋದ," ಎಂದ ಅಂಟು ಹಚ್ಚುವ ಗೋಂದಣ್ಣ.

ಹಾಳೆ ಹೊಲಿಯುವ ಅಕ್ಕನ ಸೂಜಿ ನಿಂತಿತು. "ಹೋದ ವಾರ ನಾವು ನಿದ್ದೆ ಹೊಡೆದದ್ದು ಒಳಗೆ ಮ್ಯಾನೇಜರಿಗೆ ಹೇಗೆ ಗೊತ್ತಾಯ್ತು ಅಂತಿದ್ವಲ್ಲ, ಈಗ ತಿಳೀತು ಬಿಡು!"

ಐದನೇ ಸಲ ಗೋಂದಣ್ಣ ಸದ್ದಿಲ್ಲದೆ ಹಿಂಬಾಲಿಸಿದ. ಅಷ್ಟರಲ್ಲಿ ರಟ್ಟಣ್ಣನ ತಲೆ ಗಿರ್ರನೆ ತಿರುಗಿತು. ಬೀಳಬಾರದೆಂದು ಮ್ಯಾನೇಜರ ಬಾಗಿಲಿಗೇ ಆತುಕೊಂಡ. ಗೋಂದಣ್ಣನಿಗೆ ಕಂಡದ್ದು, ಬಾಗಿಲಿಗೆ ಕಿವಿಯಿಟ್ಟು ಧ್ಯಾನಸ್ಥನಾಗಿ ನಿಂತ ರಟ್ಟಣ್ಣ.

ಆಮೇಲೆ ಚಾಡಿಯ ಹೆದರಿಕೆಗೆ ವಿಭಾಗದಲ್ಲಿ ಯಾರೂ ತುಟಿ ಬಿಚ್ಚಲಿಲ್ಲ, ತಲೆ ಎತ್ತಲಿಲ್ಲ. ಎರಡು ದಿನದ ಕೆಲಸ ಮಧ್ಯಾಹ್ನದೊಳಗೆ ಮುಗಿಯಿತು. ರಟ್ಟಣ್ಣನಿಗೂ ಅನುಮಾನ ಹತ್ತಿತು: ಕುರ್ಚಿ ಬೇರೆಯವರ ಪಾಲಾಗಿದೆ, ಇವರು ನನ್ನಿಂದ ಮುಚ್ಚಿಡುತ್ತಿದ್ದಾರೆ!

ಊಟಕ್ಕೆ ಕೂತಾಗ ಸಪ್ಪೆ ಬುತ್ತಿಗೆ ಅವನ ಮುಖ ಹುಳ್ಳಗಾಯಿತು. ಅಕ್ಕನಿಗೆ ಅಷ್ಟೇ ಸಾಕಾಯಿತು. "ಸಾಹೇಬರ ಕಿವೀಲಿ ಎಷ್ಟು ಊದಿದೆಯಪ್ಪಾ ಇವತ್ತು?"

"ಏನಂದೆ?" ರಟ್ಟಣ್ಣ ರಪ್ಪನೆ ಎದ್ದ. ಎದ್ದಷ್ಟೇ ವೇಗವಾಗಿ ಕಾಗದದ ರಾಶಿಯ ಮೇಲೆ ಕುಸಿದ. ಜೇಬಿನಿಂದ ಮಾತ್ರೆಪಟ್ಟಿ ಜಾರಿತು. ಇನ್ನೇನು ಮುಚ್ಚಿಡುವುದು? ಎಲ್ಲ ಒದರಿಬಿಟ್ಟ.

"ಅಯ್ಯೋ ಮಾರಾಯ! ಮರೆತದ್ದಕ್ಕೆ ಎರಡೆರಡು ನುಂಗ್ತಾರೇನೋ?" ಅಕ್ಕ ಕಣ್ಣೊರೆಸಿಕೊಂಡಳು. ಗೋಂದಣ್ಣ ಡಾಕ್ಟರಿಗೆ ಫೋನು ಮಾಡಿದ. ಅವರು ಚೆನ್ನಾಗಿ ಬೈದು, ತಕ್ಷಣ ಕರೆದುಕೊಂಡು ಬನ್ನಿ ಅಂದರು.

"ಒಳಗೆ ಮಾತ್ರ ಹೇಳ್ಬೇಡಿ, ನಿಮ್ಮ ದಮ್ಮಯ್ಯ," ಎಂದ ರಟ್ಟಣ್ಣ.

"ನಾವೇನು ಚಾಡಿಕೋರರಾ? ಆಟೋ ತರ್ತೀವಿ, ಮಲಗಿರು," ಎಂದು ಇಬ್ಬರೂ ಹೋದರು.

ಬರುವಾಗ ಜೊತೆಗೆ ಮ್ಯಾನೇಜರಿದ್ದರು.

"ಬೆಳಗ್ಗೆಯಿಂದ ಎಲ್ಲರೂ ಉಸಿರೆತ್ತದೆ ದುಡಿದದ್ದು ನೋಡಿದೆ ಕಣ್ರೀ. ಇವರೆಲ್ಲ ಹೆದರೋದು ನಿಮಗೊಬ್ಬರಿಗೇ ಅಂತ ನಿಮ್ಮ ಹೆಸರಿಗೇ ಸಹಿ ಹಾಕಿದ್ದೆ. ಪುಣ್ಯಕ್ಕೆ ಈಯಮ್ಮ ಬಂದು, 'ಅವನಿಗೆ ಬಿ.ಪಿ., ಭಾರ ಹೊರಿಸಬೇಡಿ' ಅಂತ ಕೈಮುಗಿದಳು. ನಿಮ್ಮ ಕಷ್ಟ ನೋಡಲಾರದೆ ಗೋಂದಣ್ಣನೇ ಸೂಪರ್‌ವೈಸರ್ ಆಗೋಕೆ ಒಪ್ಕೊಂಡಿದಾನೆ."

ಗೋಂದಣ್ಣ ಆಗಲೇ ಬೀಗದಕೈ ಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ. "ಚಿಂತೆ ಮಾಡ್ಬೇಡ ರಟ್ಟಣ್ಣ, ನಾನಿದೀನಿ. ಇನ್ಮೇಲೆ ಎದ್ದು ಹೋಗೋದಿದ್ರೆ ಮಾತ್ರ ನನ್ನ ಕೇಳಿ ಹೋಗು."

ಹನ್ನೆರಡು ವರ್ಷದ ಸಿಟ್ಟೆಲ್ಲ ರಟ್ಟಣ್ಣನ ನಾಲಿಗೆಯ ತುದಿಗೆ ಬಂತು. ಆದರೆ ಹೊಟ್ಟೆಯ ಕೆಳಗೆ ಅದಕ್ಕಿಂತ ದೊಡ್ಡ ಅವಸರ ಶುರುವಾಗಿತ್ತು.

"ಸಾರ್," ಎಂದು ಗೋಂದಣ್ಣನ ಮುಖ ನೋಡುತ್ತ ಕೇಳಿದ, "ಒಂದ್ ನಿಮಿಷ ಹೋಗಿ ಬರ್ಲಾ?"