ಎರಡು ಕೋಟಿಯ ಮೇಲೊಂದು ಕೊಸರು

ಎರಡು ಕೋಟಿ ರೂಪಾಯಿ. ನಮ್ಮ ಉಪ್ಪಿನಕಾಯಿ ಕಾರ್ಖಾನೆಯ ಅರ್ಧ ಪಾಲಿಗೆ ವಿದೇಶಿ ಕಂಪನಿಯೊಂದು ಕೊಡುತ್ತೇನೆಂದ ಮೊತ್ತ. ತೊಂಬತ್ತರ ದಶಕದ ಕೊನೆ, ಹೊರಗಿನ ದುಡ್ಡು ಊರೆಲ್ಲ ಜಾಗ ಹುಡುಕುತ್ತಿದ್ದ ಕಾಲ. ಹಲಸೂರಿನ ನಮ್ಮ ಶೆಡ್ಡು ಸೋರುತ್ತಿತ್ತು. ಆ ದುಡ್ಡು ಬಂದರೆ ದೊಡ್ಡನೆಕ್ಕುಂದಿಯಲ್ಲಿ ಹೊಸದು ಕಟ್ಟುವ ಆಸೆ. ವ್ಯಾಪಾರದಲ್ಲಿ ದುಡ್ಡು ಬರುತ್ತೋ ಇಲ್ಲವೋ, ತಮಾಷೆ ಮಾತ್ರ ಕರೆಯದೇ ಬರುತ್ತಿರುತ್ತದೆ.

೧. ಖಾರ

ಕಂಪನಿಯ ಪರವಾಗಿ ನೋಡಲು ಬಂದ ಸಾಹೇಬರು ಮಾವಿನಕಾಯಿ ಉಪ್ಪಿನಕಾಯಿಯನ್ನು ಜಾಮ್ ಅಂದುಕೊಂಡರೋ ಏನೋ, ಚಮಚದ ತುಂಬ ಬಾಯಿಗಿಟ್ಟರು. ಸುಧಾರಿಸಿಕೊಂಡ ಮೇಲೆ, ತಮ್ಮ ದೇಶಕ್ಕೆ ಕಳಿಸಬೇಕಾದರೆ ಖಾರ ತೆಗೆಯಬೇಕೆಂದರು. ಆಮೇಲೆ ಎಣ್ಣೆ. ಕೊನೆಗೆ ಉಪ್ಪೂ ಬೇಡವಂತೆ. ಇದನ್ನೆಲ್ಲ ಕನ್ನಡದಲ್ಲಿ ತಿಳಿಸಿದವರು ಅವರ ಇಂದಿರಾನಗರ ಆಫೀಸಿನ ಮ್ಯಾನೇಜರು. ಮಸಾಲೆ ಬೆರೆಸುವ ನಮ್ಮ ಅಕ್ಕ ಕೈ ನಿಲ್ಲಿಸದೆ ಕೇಳಿಸಿಕೊಂಡರು.

"ಇಷ್ಟೆಲ್ಲಾ ತೆಗೆದ್ರೆ ಉಳಿಯೋದು ಮಾವಿನಕಾಯಿ ಕಣಪ್ಪಾ. ಅದನ್ನ ಮರದಲ್ಲೇ ಬಿಟ್ಬಿಡಿ, ಬಾಟ್ಲಿ ಖರ್ಚೂ ಉಳಿಯುತ್ತೆ."

ಆಕೆ ಒಪ್ಪಿದ್ದಾರೆ ಅಂತ ಮ್ಯಾನೇಜರು ಸಾಹೇಬರಿಗೆ ಹೇಳಿದರು.

೨. ಬಾಗಿಲ ನಿಂಬೆಹಣ್ಣು

ಶುಚಿತ್ವ ನೋಡುವ ದಿನ ಸಾಹೇಬರ ಕಣ್ಣು ಬಿದ್ದದ್ದು ಬಾಗಿಲಲ್ಲಿ ದೃಷ್ಟಿಗೆಂದು ಕಟ್ಟಿದ್ದ ನಿಂಬೆಹಣ್ಣು, ಮೆಣಸಿನಕಾಯಿಯ ಮೇಲೆ. ಕಚ್ಚಾ ಮಾಲನ್ನು ಹೊರಗೆ ನೇತುಹಾಕಿದ್ದೀರಿ, ಮೇಲೆ ತಾರೀಕೂ ಇಲ್ಲ ಎಂದು ತಕರಾರು. ಬಿಚ್ಚೋಣವೆಂದರೆ ಅಕ್ಕ ಕೆಲಸಕ್ಕೇ ಬರುವುದಿಲ್ಲವೆಂದರು. ನಾನು ಒಂದು ಚೀಟಿ ಅಂಟಿಸಿದೆ: ತಯಾರಿಸಿದ್ದು ಈ ಅಮಾವಾಸ್ಯೆ, ಬಳಕೆಗೆ ಕೊನೆಯ ದಿನ ಮುಂದಿನ ಅಮಾವಾಸ್ಯೆ. ಮ್ಯಾನೇಜರು ಅದನ್ನು ತಾರೀಕಿಗೆ ತಿರುಗಿಸಿ ಓದಿದರು. ಇಡೀ ಕಾರ್ಖಾನೆಯಲ್ಲಿ ಸಾಹೇಬರು ಪೂರಾ ಮೆಚ್ಚಿದ ಪದಾರ್ಥ ಅದೊಂದೇ.

೩. ಕೊಸರು

ಶಿವಾಜಿನಗರದ ನಮ್ಮ ಅಂಗಡಿಯಲ್ಲಿ ಉಪ್ಪಿನಕಾಯಿ ಬಿಡಿಯಾಗಿ ತೂಗಿ ಮಾರುತ್ತೇವೆ. ತೂಕ ಮುಗಿದ ಮೇಲೂ ಗಿರಾಕಿ ಡಬ್ಬಿ ಹಿಡಿದು ನಿಂತೇ ಇರುತ್ತಾನೆ. ಕೊಸರೆಂದು ಇನ್ನೊಂದು ಸೌಟು ಪುಕ್ಕಟೆ ಬಿದ್ದರೆ ಹೊರಡುತ್ತಾನೆ. ಸಾಹೇಬರು ಒಂದು ದಿನ ಕೂತು ಇದನ್ನು ನೋಡಿದರು. ಮರುವಾರವೇ ಅವರ ಕಡೆಯಿಂದ ವಿದೇಶದ ಎಲೆಕ್ಟ್ರಾನಿಕ್ ತಕ್ಕಡಿ ಬಂತು. ತೂಕ ಚೂರು ಹೆಚ್ಚಾದರೂ ಕೀ ಎಂದು ಕೂಗುತ್ತದೆ.

"ಕ್ಯಾ ಸೇಟ್," ಅಂದರು ಬಿರಿಯಾನಿ ಹೋಟೆಲಿನ ಭಾಯಿ, "ನಾನೇನೋ ಕದ್ದಂಗೆ ಕೂಗ್ತದಲ್ಲ."

ಕೊನೆಗೆ ಮಾತು ಮುಗಿದು ಕೈ ಕುಲುಕುವಾಗ ನಾನು ಸಾಹೇಬರ ಕೈ ಬಿಡಲಿಲ್ಲ. ಎರಡು ಕೋಟಿ ಸರಿ, ಕೊಸರು ಏನು ಅಂತ ಕೇಳಿದೆ. ಅವರು ನಕ್ಕು, ತಕ್ಕಡಿ ನಿಮಗೇ ಇರಲಿ ಎಂದರು.

ತಿಂಗಳಾದ ಮೇಲೆ ಅವರ ಹೆಡ್ ಆಫೀಸು ಬೇಡವೆಂದಿತು. ಮಾಲು ಪುಕ್ಕಟೆ ಹಂಚುವವರ ಜೊತೆ ಪಾಲುದಾರಿಕೆ ಆಗುವುದಿಲ್ಲವಂತೆ. ತಕ್ಕಡಿ ಒಯ್ಯಲು ವ್ಯಾನು ತಂದ ಮ್ಯಾನೇಜರಿಗೆ ನಾನು ಟೀ ತರಿಸಿದೆ.

"ವ್ಯಾಪಾರ ಮುರಿದ್ರೆ ಮುರೀಲಿ ಸಾರ್. ಕೊಟ್ಟ ಕೊಸರನ್ನ ಯಾರಾದ್ರೂ ವಾಪಸ್ ತಗೋತಾರಾ?"

ಅವರು ಯೋಚಿಸಿದರು. ವ್ಯಾನನ್ನು ಖಾಲಿ ಕಳಿಸಿದರು. ಬಂದದ್ದಕ್ಕೆ ಅರ್ಧ ಕೆ.ಜಿ. ಉಪ್ಪಿನಕಾಯಿ ಕೊಡಿ ಅಂದರು. ಅದೇ ತಕ್ಕಡಿಯಲ್ಲಿ ಕರಾರುವಾಕ್ಕಾಗಿ ತೂಗಿ ಕೊಟ್ಟೆ. ದುಡ್ಡೂ ಕೊಟ್ಟರು. ಆದರೆ ಕದಲಲಿಲ್ಲ, ಡಬ್ಬಿ ಮುಂದೆ ಚಾಚಿಕೊಂಡು ನಿಂತೇ ಇದ್ದರು. ಇನ್ನೊಂದು ಸೌಟು ಹಾಕಿದೆ.

ಒಟ್ಟು ಲಾಭ: ಒಂದು ತಕ್ಕಡಿ, ಒಬ್ಬ ಖಾಯಂ ಗಿರಾಕಿ.