ಆಕಾಶಯಾನದ ಭಾಷಣವೂ ಹೆಣ್ಣುಮಕ್ಕಳ ಕಕ್ಕಸೂ

ಭಾಷಣಕ್ಕೆ ಕರೆದರೆ ಬರುವುದಿಲ್ಲ ಎನ್ನುವ ಮೇಷ್ಟರನ್ನು ನಾನು ಇದುವರೆಗೆ ಕಂಡಿಲ್ಲ. ದಿನವಿಡೀ ಪಾಠ ಮಾಡಿ ಗಂಟಲು ಕಟ್ಟಿತೆಂದು ಮೆಣಸಿನ ಕಷಾಯ ಮಾಡಿಸಿಕೊಂಡು ಕುಡಿಯುವವರೂ, ಹಾರ ಹಾಕಿ ಮೈಕು ಕೊಡುತ್ತಾರೆ ಎಂದರೆ ಸಂಜೆಯೊಳಗೆ ಸರಿಹೋಗುತ್ತಾರೆ. ನಾನಂತೂ ಕರೆಯದಿದ್ದರೂ ಮಾತನಾಡುವವನು. ಎಂಬತ್ತರ ದಶಕದಲ್ಲಿ ನಮ್ಮ ದೇಶದವರೊಬ್ಬರು ರಷ್ಯಾದವರ ರಾಕೆಟ್ಟಿನಲ್ಲಿ ಆಕಾಶಕ್ಕೆ ಹೋಗಿಬಂದ ವರ್ಷ ನನ್ನ ಮಾತಿಗೆ ತಡೆಯೇ ಇರಲಿಲ್ಲ. ಬಿಳಿಚೋಡಿನಲ್ಲಿ ಬಸ್ಸಿಳಿದು ನಡೆದು ಹೋಗಬೇಕಾದ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನದ ಮೇಷ್ಟ್ರು. ನನ್ನ ಹೆಂಡತಿ ಸರೋಜ ಅದೇ ಶಾಲೆಯ ಕನ್ನಡ ಟೀಚರು. ಬೆಳಗ್ಗೆ ರೊಟ್ಟಿ ಮುರಿಯುವಾಗ ರಾಕೆಟ್ಟು, ರಾತ್ರಿ ಹಾಸಿಗೆ ಬಿಡಿಸುವಾಗ ರಾಕೆಟ್ಟು. "ಹೋದೋರು ವಾಪಸ್ ಬಂದ್ರು ಕಣ್ರಿ, ನೀವೇ ಇನ್ನೂ ಇಳಿದಿಲ್ಲ" ಎಂದು ಅವಳು ಒಂದು ದಿನ ಹೇಳಿದಳು.

ಅವಳ ಚಿಂತೆಯೇ ಬೇರೆ. ನಮ್ಮ ಶಾಲೆಯಲ್ಲಿ ಕಕ್ಕಸು ಇರಲಿಲ್ಲ. ಗಂಡುಹುಡುಗರಿಗೆ ಜಾಲಿಗಿಡಗಳ ಮರೆ ಸಾಕಾಗುತ್ತಿತ್ತು. ಹೆಣ್ಣುಮಕ್ಕಳು ಬೆಳಗಿನಿಂದ ನೀರನ್ನೇ ಕುಡಿಯದೆ ಕೂತಿದ್ದು, ಮಧ್ಯಾಹ್ನದ ಗಂಟೆ ಹೊಡೆದೊಡನೆ ಮನೆಗೆ ಓಡುತ್ತಿದ್ದರು. ಎಷ್ಟೋ ಜನ ಮತ್ತೆ ಬರುತ್ತಿರಲಿಲ್ಲ. ಹಾಗೆ ಅರ್ಧ ದಿನ ಬರುತ್ತಿದ್ದವರು ವರ್ಷ ತುಂಬುವುದರೊಳಗೆ ಶಾಲೆಯನ್ನೇ ಬಿಡುತ್ತಿದ್ದರು. ಸರೋಜ ಅರ್ಜಿ ಬರೆದು ಬರೆದು ಸೋತಿದ್ದಳು. ನನ್ನದೂ ಒಂದು ಅರ್ಜಿ ಇತ್ತು, ಮಕ್ಕಳಿಗೆ ಚಂದ್ರನನ್ನು ತೋರಿಸಲು ದೂರದರ್ಶಕ ಬೇಕೆಂದು. ದೂರದರ್ಶಕವೆಂದರೆ ದೂರದರ್ಶನವೇ ಇರಬೇಕೆಂದು ತಿಳಿದು ಹೆಡ್‌ಮಾಸ್ಟರು ಬಹಳ ಉತ್ಸಾಹದಿಂದ ಸಹಿ ಹಾಕಿದ್ದರು. ಅದು ಮಂಜೂರಾಗುವ ಹಂತಕ್ಕೂ ಬಂದಿತ್ತು. ಸರೋಜಳ ಅರ್ಜಿಗಳು ಯಾವ ಮೇಜಿನ ಮೇಲಿವೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಈ ಸಂಗತಿಯನ್ನು ನಾನು ಮನೆಯಲ್ಲಿ ಒಮ್ಮೆ ಹೆಮ್ಮೆಯಿಂದ ಹೇಳಿದೆ. ಆ ದಿನ ಸಾರಿಗೆ ಉಪ್ಪಿರಲಿಲ್ಲ.

ಆಗಲೇ ಮೇಲಿನಿಂದ ಆಜ್ಞೆ ಬಂತು. ಮನುಷ್ಯನನ್ನು ಆಕಾಶಕ್ಕೆ ಕಳಿಸುವುದಕ್ಕೆ ಸರ್ಕಾರ ಯಾಕೆ ದುಡ್ಡು ಹಾಕಬೇಕು ಎಂಬುದನ್ನು ಊರವರಿಗೆ ತಿಳಿಸಿಹೇಳಬೇಕು. ಮಾತನಾಡುವವನು ನಾನು, ಅಧ್ಯಕ್ಷತೆ ವಿದ್ಯಾ ಇಲಾಖೆಯ ಸಾಹೇಬರದು. ನಾನು ಹಗಲೂ ರಾತ್ರಿ ತಯಾರಿ ನಡೆಸಿದೆ. ಬಡವರಿರುವ ದೇಶಕ್ಕೆ ಇದೆಲ್ಲ ಯಾಕೆ ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಅದಕ್ಕೆ ನಮ್ಮ ಚನ್ನಗಿರಿ ಕಡೆಯ ಸೂಳೆಕೆರೆಯನ್ನು ಸಿದ್ಧವಾಗಿಟ್ಟುಕೊಂಡಿದ್ದೆ. ಅಷ್ಟು ದೊಡ್ಡ ಕೆರೆ ಕಟ್ಟುವಾಗಲೂ ಯಾರೋ ಒಬ್ಬ, ಇಷ್ಟು ಖರ್ಚು ಯಾಕೆ, ಊರಿಗೊಂದು ಬಾವಿ ತೋಡಿದರೆ ಸಾಲದೇ ಎಂದು ಕೇಳಿರಲೇಬೇಕು, ಅಲ್ಲವೇ? ಈ ಮಾತನ್ನು ಕನ್ನಡಿಯ ಮುಂದೆ ನಿಂತು ಹೇಳಿಕೊಂಡಾಗ ನನಗೇ ಮೈ ಜುಮ್ಮೆಂದಿತು.

ಸಭೆಗೆ ಶಾಲೆಯ ಅಂಗಳ ತುಂಬ ಜನ. ನಾನು ರಾಕೆಟ್ಟನ್ನು ಹಾರಿಸಿ, ಭೂಮಿಯನ್ನು ಸುತ್ತಿಸಿ, ಸೂಳೆಕೆರೆಯನ್ನೂ ತುಂಬಿಸಿ, ಪ್ರಶ್ನೆಗಳಿದ್ದರೆ ಕೇಳಬಹುದು ಎಂದೆ. ಹೆಂಗಸರ ಸಾಲಿನಲ್ಲಿ ಮಹಿಳಾ ಸಮಾಜದ ಗಂಗಮ್ಮ ಎದ್ದು ನಿಂತಳು. ಅವಳ ಮಗಳು ಹಿಂದಿನ ವರ್ಷವಷ್ಟೇ ಶಾಲೆ ಬಿಟ್ಟಿದ್ದಳು.

"ಮೇಷ್ಟ್ರೇ, ತೆಪ್ಪು ತಿಳ್ಕಾಬ್ಯಾಡ್ರಿ. ಅಷ್ಟು ದಿನ ಮ್ಯಾಲೆ ಇರ್ತಾರಲ್ಲ, ಅವ್ರು ಹೊರಗಡೆ ಹೋಗಾಕೆ ಎಲ್ಲಿಗೆ ಹೋಗ್ತಾರೆ?"

ಸಭೆ ನಕ್ಕಿತು. ನನಗೆ ಮಾತ್ರ ಹಿಗ್ಗು. "ಒಳ್ಳೆ ಪ್ರಶ್ನೆ ಕಣಮ್ಮ. ಅಲ್ಲಿ ಹೊರಗಡೆ ಹೋಗೋ ಹಾಗೇ ಇಲ್ಲ, ಹೋದ್ರೆ ಜೀವವೇ ಹೋಗುತ್ತೆ. ಅದಕ್ಕೆ ಒಳಗೇ ಒಂದು ಯಂತ್ರ ಮಾಡಿದ್ದಾರೆ. ಗಾಳಿಯಿಂದ ಎಳ್ಕೊಳ್ಳುತ್ತೆ. ಅದೇ ಒಂದು ದೊಡ್ಡ ವಿಜ್ಞಾನ" ಎಂದೆ.

"ಅದನ್ನೂ ಸರ್ಕಾರದೋರೇ ಮಾಡಿಸ್ತಾರಾ?"

"ಮತ್ತೆ? ಅವರವರ ಸರ್ಕಾರವೇ ಮಾಡಿಸಬೇಕು."

"ಎಷ್ಟು ಮಂದಿಗೆ?"

"ಮೂರು ನಾಕು ಜನಕ್ಕೆ."

ಗಂಗಮ್ಮ ನನ್ನನ್ನು ಬಿಟ್ಟು ಸಾಹೇಬರ ಕಡೆ ತಿರುಗಿದಳು. "ಸಾಹೇಬ್ರೇ, ಮೂರು ನಾಕು ಮಂದಿಗೆ ಆಕಾಶದಾಗೇ ಮಾಡಿಸ್ತಾರಂತೆ. ಇಲ್ಲಿ ಇಷ್ಟು ಹುಡುಗೀರು ಅದಾರೆ, ನೆಲದ ಮ್ಯಾಲೆ ಮಾಡ್ಸಾಕೆ ಏನು ತೊಂದ್ರೆ ಐತೆ ಹೇಳ್ರಿ."

ಸಾಹೇಬರು ಕನ್ನಡಕ ಸರಿಮಾಡಿಕೊಂಡರು. "ನೋಡಮ್ಮ, ಆ ಖರ್ಚಿನ ಹೆಡ್ ಬೇರೆ, ಈ ಖರ್ಚಿನ ಹೆಡ್ ಬೇರೆ."

"ಹೆಡ್ಡು ಬೇರೆ ಬೇರೆ ಇರ್ಲಿ ಬಿಡ್ರಿ. ಕೆಳಗಿಂದು ಎಲ್ರಿಗೂ ಒಂದೇ ಅಲ್ಲೇನ್ರಿ?"

ಈ ಸಲ ಸಭೆ ನಕ್ಕ ಸದ್ದಿಗೆ ಮರದ ಮೇಲಿನ ಕಾಗೆಗಳೆಲ್ಲ ಎದ್ದವು. ಸರೋಜ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಹಿಂದಿನ ಸಂಜೆ ಅವಳು ಅರಿಶಿನ ಕುಂಕುಮಕ್ಕೆಂದು ಗಂಗಮ್ಮನ ಮನೆಗೆ ಹೋಗಿ ಬಹಳ ಹೊತ್ತಾದ ಮೇಲೆ ಬಂದದ್ದು ಏಕೆಂದು ನನಗೆ ಆಗ ಹೊಳೆಯಿತು.

ಸಾಹೇಬರು ಬುದ್ಧಿವಂತರು. ಜನ ಸುಮ್ಮನಾಗುವವರೆಗೆ ಕಾದು, "ಈ ವರ್ಷ ನಿಮ್ಮ ಶಾಲೆಗೆ ಇರೋದು ವಿಜ್ಞಾನದ ಅನುದಾನ ಒಂದೇ, ಮೇಷ್ಟ್ರ ದೂರದರ್ಶಕಕ್ಕೆ ಅಂತ ಇಟ್ಟಿದ್ದು. ಆದರೆ ಇದೂ ದೊಡ್ಡ ವಿಜ್ಞಾನವೇ ಅಂತ ನಿಮ್ಮ ಮೇಷ್ಟ್ರೇ ಈಗ ತಾನೇ ಹೇಳಿದರು. ಮೇಷ್ಟ್ರು ಒಪ್ಪಿದರೆ ನನ್ನದೇನೂ ಅಡ್ಡಿಯಿಲ್ಲ" ಎಂದರು. ಊರಿಗೆ ಊರೇ ನನ್ನ ಮುಖ ನೋಡಿತು. ಸರೋಜಳೂ ನೋಡಿದಳು. ನಾನು ಒಪ್ಪಿದೆ. ಅಷ್ಟು ಜನ ಒಟ್ಟಿಗೆ ನನಗೆ ಚಪ್ಪಾಳೆ ತಟ್ಟಿದ್ದು ಅದೇ ಮೊದಲು.

ಆರು ತಿಂಗಳಲ್ಲಿ ಹಂಚು ಹೊದಿಸಿದ ಎರಡು ಕಕ್ಕಸು ಎದ್ದು ನಿಂತವು. ಮಧ್ಯಾಹ್ನದ ಮೇಲೆಯೂ ತರಗತಿಯಲ್ಲಿ ಹುಡುಗಿಯರು ಕಾಣತೊಡಗಿದರು. ಗಂಗಮ್ಮನ ಮಗಳು ತನಗಿಂತ ಚಿಕ್ಕವರ ಜೊತೆ ಕೂರಲು ನಾಚಿಕೊಂಡರೂ ಮರಳಿ ಬಂದಳು. ಸರೋಜ, "ನೀವು ಮಾಡಿದ ಭಾಷಣದಾಗೆ ಊರಿಗೆ ಉಪಯೋಗ ಆಗಿದ್ದು ಇದೊಂದೇ ನೋಡ್ರಿ" ಎಂದಳು. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ನನ್ನ ಕೀರ್ತಿ ಹಬ್ಬಿತು. ಸೊಕ್ಕೆ ಕಡೆಯ ಶಾಲೆಯೊಂದರ ಹೆಡ್‌ಮಾಸ್ಟರು ಸೈಕಲ್ಲು ತುಳಿದುಕೊಂಡು ಮನೆಗೇ ಬಂದರು. "ನಮ್ಮಲ್ಲೂ ಆಕಾಶಯಾನದ ಬಗ್ಗೆ ಮಾತಾಡಬೇಕು ಸಾರ್. ಹೆಂಗಸ್ರೆಲ್ಲ ಕಾಯ್ತಾ ಅದಾರೆ. ಸಾಹೇಬ್ರನ್ನೂ ಕರ್ಸೀವಿ" ಎಂದರು. ಹಳ್ಳಿಗಾಡಿನ ಹೆಂಗಸರಲ್ಲಿ ವಿಜ್ಞಾನದ ಹಸಿವು ಇಷ್ಟು ಬೇಗ ಹುಟ್ಟಿತಲ್ಲಾ ಎಂದು ಹಿಗ್ಗಿ ಆಗಲೇ ದಿನ ಗೊತ್ತುಮಾಡಿದೆ. ಹೊಸ ಚಿತ್ರಗಳನ್ನು ಬರೆದುಕೊಂಡು, ಇಸ್ತ್ರಿ ಮಾಡಿದ ಪಂಚೆ ಉಟ್ಟು ಹೋದೆ. ಹೆಂಗಸರು ಸಾಲುಸಾಲಾಗಿ ಕೂತಿದ್ದರು. ಅಷ್ಟರಲ್ಲಿ ಜವಾನನೊಬ್ಬ ಬಂದು, ಸಾಹೇಬರಿಗೆ ಹೊಟ್ಟೆ ಸರಿಯಿಲ್ಲವೆಂದು, ಈ ಕಡೆ ಬರುವುದಿಲ್ಲವೆಂದು ಹೇಳಿದ. ನಾನು ಎದೆಗುಂದದೆ ಮಾತು ಶುರುಮಾಡಿದೆ. ಮುಂದಿನ ಸಾಲಿನ ಮುದುಕಿಯೊಬ್ಬಳು ಎದ್ದಳು, ಅವಳ ಹಿಂದೆ ಇಬ್ಬರು, ಆಮೇಲೆ ಸಾಲಿಗೆ ಸಾಲೇ ಎದ್ದು ಸೀರೆ ಕೊಡವಿಕೊಂಡು ಮನೆ ಕಡೆ ಹೊರಟಿತು. ನನ್ನ ರಾಕೆಟ್ಟು ಇನ್ನೂ ನೆಲವನ್ನೇ ಬಿಟ್ಟಿರಲಿಲ್ಲ.