ಹೊಸ್ತಿಲಾಚೆಯ ಬೂಟು

ಪಿಕಲ್‌ಬಾಲ್ ಆಡುವ ವಯಸ್ಸೂ ಅಲ್ಲ, ಮೈಕಟ್ಟೂ ಅಲ್ಲ. ಆದರೂ ನಂಜುಂಡಸ್ವಾಮಿ ಆಡಿದ. ಬಲಗಾಲು ಉಳುಕಿ, ಲಿಗಮೆಂಟ್ ಹರಿದು, ಮೊಣಕಾಲಿನವರೆಗೆ ಡಾಕ್ಟರು ಕಟ್ಟಿದ ಕಪ್ಪು ಬೂಟು ಬಂತು. ಆರು ವಾರ ಡ್ರೈವಿಂಗ್ ಇಲ್ಲ. ನೋವನ್ನಾದರೂ ತಡೆದಾನು, ತಡೆಯಲಾಗದ್ದು ಎದುರುಮನೆ ಶ್ಯಾಮ್ ಅಂಕಲ್ ಕಾರು. ಇಬ್ಬರ ಆಫೀಸೂ ಪಾರ್ಸಿಪನಿಯಲ್ಲೇ; ನ್ಯೂಜೆರ್ಸಿಯ ಓಲ್ಡ್ ಬ್ರಿಡ್ಜ್ ಊರಿನಿಂದ ಅಲ್ಲಿಗೆ ದಿನಾ ಕರೆದೊಯ್ಯುತ್ತ ಅವರು ತಮ್ಮ ಮಂಡಿ ಆಪರೇಷನ್ ಕತೆಯನ್ನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಹೇಳುತ್ತಿದ್ದರು.

ಆರು ವಾರ ಮುಗಿಯಿತು. ಇವತ್ತು ಶುಕ್ರವಾರ, ನಾಲ್ಕಕ್ಕೆ ಡಾಕ್ಟರ ತೀರ್ಪು. ಕಾಲು ಕೂಡಿದ್ದರೆ ಬಿಡುಗಡೆ. ಇಲ್ಲವೆಂದರೆ ಸರ್ಜರಿ, ಇನ್ನೂ ಮೂರು ತಿಂಗಳು ಅಂಕಲ್ ಕಾರು. ಬೂಟಿಲ್ಲದೆ ಒಂದು ಹೆಜ್ಜೆಯೂ ಇಡಕೂಡದೆಂದು ಡಾಕ್ಟರ ಕಟ್ಟಪ್ಪಣೆ.

ಇವತ್ತೇ ಅಂಕಲ್ ಮನೆಯಲ್ಲಿ ವರಮಹಾಲಕ್ಷ್ಮಿ ಹಬ್ಬ. ಊಟ ಮುಗಿಸಿ ಅಲ್ಲಿಂದಲೇ ಕ್ಲಿನಿಕ್ಕಿಗೆ ಎಂದು ಅಂಕಲ್ ಹೇಳಿದ್ದರು. ಬಾಗಿಲಲ್ಲೇ ಅವರ ಹೆಂಡತಿ ರಮಾಮಣಿ ಆಂಟಿ ತಡೆದರು.

"ಬೂಟ್ ಬಿಚ್ಚೋ. ಒಳಗೆ ಕಳಶ ಕೂರಿಸಿದೀವಿ."

"ಆಂಟಿ, ಇದು ಡಾಕ್ಟ್ರು ಹಾಕಿರೋದು..."

"ಡಾಕ್ಟ್ರಿಗೆ ಮಡಿ ಗೊತ್ತಾ? ಅಡಿ ನೋಡು, ನ್ಯೂಜೆರ್ಸಿ ರೋಡೆಲ್ಲ ಮೆತ್ಕೊಂಡಿದೆ!"

ಹೊಸ್ತಿಲಾಚೆ ಬೂಟು ಕಳಚಿ ಒಂಟಿಕಾಲಲ್ಲಿ ಕುಪ್ಪಳಿಸುತ್ತ ಒಳಹೊಕ್ಕ.

"ಏನ್ರೀ, ಕುಂಟಾಬಿಲ್ಲೆನಾ?" ಎಂದು ಯಾರೋ ನಕ್ಕರು. ಊಟಕ್ಕೆ ಕೂತಾಗ, ಹಬ್ಬಕ್ಕೆ ಬಂದಿದ್ದ ತಾರಿಣಿ ಆಂಟಿಯಂತೂ ಬಗ್ಗಿ ಅವನ ಬಲಗಾಲಿನ ಹೆಬ್ಬೆರಳನ್ನೇ ಹಿಡಿದರು. "ನಮ್ಮಜ್ಜಿ ಹಿಂಗೇ ಎಳೀತಿದ್ರು. ಒಂದೇ ಸಲಕ್ಕೆ ವಾಸಿ!"

ಲಟಕ್ ಎಂದಿತು. ನಂಜುಂಡಸ್ವಾಮಿಯ ಬಾಯಲ್ಲಿದ್ದ ಹೋಳಿಗೆ ಕಹಿಯಾಯಿತು. ಹೋಯಿತು, ಸರ್ಜರಿ ಗ್ಯಾರಂಟಿ!

"ನಡಿಯೋ, ಲೇಟಾಯ್ತು!" ಎನ್ನುತ್ತ ಅಂಕಲ್ ಮುಂದೆ ಧಾವಿಸಿದರು. ಮರುಕ್ಷಣವೇ "ಅಯ್ಯಯ್ಯೋ!" ಹೊಸ್ತಿಲಾಚೆಯ ಬೂಟು ಎಡವಿ ದಬ್ಬನೆ ಬಿದ್ದಿದ್ದರು. ಅವರ ಬಲಗಾಲು ನೋಡನೋಡುತ್ತ ಬೋಂಡದಂತೆ ಉಬ್ಬಿತು. ಹೈವೇ ಎಂದರೆ ಹೆದರುವ ಆಂಟಿ ಇಬ್ಬರನ್ನೂ ಕೂರಿಸಿಕೊಂಡು ಒಳರಸ್ತೆಯಲ್ಲೇ ಕಾರು ತೆವಳಿಸಿದರು.

ಡಾಕ್ಟರು ನಂಜುಂಡಸ್ವಾಮಿಯ ಕಾಲನ್ನು ಒತ್ತಿದರು, ತಿರುಗಿಸಿದರು, ನಕ್ಕರು. ಪೂರ್ತಿ ಕೂಡಿದೆ, ನಾಳೆಯಿಂದಲೇ ಕಾರು ಓಡಿಸಬಹುದು ಎಂದರು. ಖುಷಿಗೆ ಅವನಿಗೆ ಅಳುವೇ ಬಂತು.

ಆಮೇಲೆ ಅಂಕಲ್ ಕಾಲು ನೋಡಿದರು. ಲಿಗಮೆಂಟ್ ಹರಿದಿದೆ. ಆರು ವಾರ ಬೂಟು, ಡ್ರೈವಿಂಗ್ ಇಲ್ಲ.

"ಹೊಸದ್ಯಾಕೆ ದಂಡ, ಇದೇ ಸರಿಹೋಗುತ್ತೆ," ಎಂದು ಅಂಕಲ್ ನಂಜುಂಡಸ್ವಾಮಿಯ ಬೂಟನ್ನೇ ಬಿಗಿದುಕೊಂಡರು. "ಸೋಮವಾರ ಏಳಕ್ಕೆ ರೆಡಿ ಇರ್ತೀನಿ ಕಣೋ. ನೀನು ಓಡಿಸು. ಇಷ್ಟು ದಿನ ರೋಡ್ ನೋಡ್ಕೊಂಡು ಮಂಡಿ ಕತೆ ನೆಟ್ಟಗೆ ಹೇಳೋಕೇ ಆಗ್ತಿರ್ಲಿಲ್ಲ. ಈಗ ಪಾದದ್ದೂ ಸೇರ್ಕೊಂಡಿದೆ."